33 ಮೀಟರ್ ಆಳದಲ್ಲೊಂದು ಆಕಾಶ

ಮಾಸ್ಕೋದ ಮಾಯಕೋವ್‌ಸ್ಕಾಯಾ ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಇಳಿದವರು ಮೊದಲು ನೋಡಬೇಕಾದದ್ದು ಕಂಬಗಳನ್ನು. ಇಷ್ಟು ಆಳದಲ್ಲಿ ಮಣ್ಣಿನ ಭಾರ ಹೊರಲು ಆಗೆಲ್ಲ ಗೋಡೆಯಷ್ಟು ದಪ್ಪದ ಆಧಾರಗಳನ್ನು ಕಟ್ಟುತ್ತಿದ್ದರು. ವಾಸ್ತುಶಿಲ್ಪಿ ಅಲೆಕ್ಸಿ ದುಷ್ಕಿನ್ ಆ ದಾರಿ ಹಿಡಿಯಲಿಲ್ಲ. ಭಾರವನ್ನು ಉಕ್ಕಿನ ತೆಳು ಕಂಬಗಳಿಗೆ ಹೊರಿಸಿದರು. 1938ರ ಸೆಪ್ಟೆಂಬರ್ 11ರಂದು ತೆರೆದ ಈ ನಿಲ್ದಾಣದಲ್ಲಿ ಇಂದಿಗೂ ಈ ಹಳಿಯಿಂದ ಆ ಹಳಿಯವರೆಗೆ ನೋಟ ಸಲೀಸಾಗಿ ಹಾಯುತ್ತದೆ. ನೆಲದಡಿ ಇದ್ದೇನೆಂಬ ಉಸಿರುಗಟ್ಟುವಿಕೆಯೇ ನನಗಿಲ್ಲಿ ಆಗಲಿಲ್ಲ.

ಕಂಬವನ್ನೊಮ್ಮೆ ಮುಟ್ಟಿ ನೋಡಿ. ಕೆಳಭಾಗದಲ್ಲಿ ಉರಾಲ್‌ನ ಗುಲಾಬಿ ರೋಡೊನೈಟ್ ಕಲ್ಲು. ಪಕ್ಕದಲ್ಲೇ ಉದ್ದುದ್ದ ಗೀರುಗಳ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ವಾಯುನೌಕೆ ಕಟ್ಟುವ ಕಾರ್ಖಾನೆಯಲ್ಲಿ ಮಾಡಿಸಿದ್ದು. ಅದು ಮೇಲೇರಿ, ಕಮಾನಾಗಿ ಬಾಗಿ, ಎದುರು ಕಂಬಕ್ಕೆ ಇಳಿಯುತ್ತದೆ. ಗೀರಿನಲ್ಲಿ ನಾಣ್ಯವಿಟ್ಟು ರಭಸದಿಂದ ಮೇಲಕ್ಕೆ ತಳ್ಳಿದರೆ ಕಮಾನು ಹತ್ತಿ ಆಚೆ ಬದಿಗೆ ಇಳಿಯುತ್ತದೆ. ಊರಿನ ಮಕ್ಕಳಿಗೆ ಈ ಆಟ ಚೆನ್ನಾಗಿ ಗೊತ್ತು.

ಈಗ ತಲೆಯೆತ್ತಿ. ಚಾವಣಿಯುದ್ದಕ್ಕೂ ಅಂಡಾಕಾರದ ಗುಮ್ಮಟಗಳು, ಅಂಚಿನಲ್ಲಿ ದೀಪಗಳ ಸುತ್ತು, ಒಳಗೆ ಅಲೆಕ್ಸಾಂಡರ್ ದೈನೇಕಾ ಅವರ 34 ಮೊಸಾಯಿಕ್ ಚಿತ್ರಗಳು. ಸೋವಿಯತ್ ನಾಡಿನ ಆಕಾಶದಲ್ಲಿ ಒಂದು ದಿನದ 24 ಗಂಟೆ, ಅದೇ ವಸ್ತು. ಹೂಬಿಟ್ಟ ಸೇಬಿನ ಕೊಂಬೆ, ಪ್ಯಾರಾಚೂಟ್‌ನಲ್ಲಿ ಇಳಿಯುವವರು, ಸಾಲುಗಟ್ಟಿದ ವಿಮಾನಗಳು. ಗುಮ್ಮಟ ಆಳವಾದ್ದರಿಂದ ನೇರ ಕೆಳಗೆ ನಿಂತರಷ್ಟೇ ಚಿತ್ರ ಪೂರ್ತಿ ಕಾಣುತ್ತದೆ. ರೈಲು ಹಿಡಿಯಲು ಓಡುವವರಿಗೆ ಅದು ದಕ್ಕುವುದಿಲ್ಲ, ನನಗದು ಬೇಸರದ ಸಂಗತಿ.

1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಈ ವಿನ್ಯಾಸಕ್ಕೆ ದೊಡ್ಡ ಬಹುಮಾನವೇ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಜರ್ಮನ್ ಬಾಂಬರ್‌ಗಳು ಬಂದವು. ಜನ ಮಕ್ಕಳು ಮರಿ ಕಟ್ಟಿಕೊಂಡು ಇಲ್ಲಿ ರಾತ್ರಿ ಕಳೆದರು, ತಲೆಯ ಮೇಲೆ ಚಿತ್ರದ ವಿಮಾನಗಳು, ಅದಕ್ಕೂ ಮೇಲೆ ನಿಜವಾದವು. 1941ರ ನವೆಂಬರ್ 6ರಂದು, ಶತ್ರು ಮಾಸ್ಕೋದ ಹೊಸ್ತಿಲಲ್ಲಿದ್ದಾಗ, ಅಕ್ಟೋಬರ್ ಕ್ರಾಂತಿಯ ವಾರ್ಷಿಕ ಸಭೆ ಇಲ್ಲೇ ನಡೆಯಿತು. ಸ್ಟಾಲಿನ್ ರೈಲಿನಲ್ಲೇ ಬಂದಿಳಿದು ಭಾಷಣ ಮಾಡಿದರು.

ದೈನೇಕಾ ಚಿತ್ರಗಳಿಗೆ ಗಾಜಿನ ಹರಳು ಜೋಡಿಸಿದ್ದು ಲೆನಿನ್‌ಗ್ರಾಡಿನ ವ್ಲಾದಿಮಿರ್ ಫ್ರೊಲೋವ್ ಅವರ ಕಾರ್ಯಾಗಾರ. ಆ ನಗರಕ್ಕೆ ಮುತ್ತಿಗೆ ಬಿದ್ದಾಗಲೂ ಫ್ರೊಲೋವ್ ಕೆಲಸ ಬಿಡಲಿಲ್ಲ. 1942ರಲ್ಲಿ ಅಲ್ಲೇ ತೀರಿಕೊಂಡರು. ಮುತ್ತಿಗೆಯ ನಡುವೆ ಅವರು ಸಿದ್ಧಪಡಿಸಿದ ಮೊಸಾಯಿಕ್‌ಗಳು ಇದೇ ಹಸಿರು ಮಾರ್ಗದಲ್ಲಿ ಮೂರನೆಯ ನಿಲ್ದಾಣವಾದ ನೊವೊಕುಜ್ನೆಟ್ಸ್‌ಕಾಯಾದ ಚಾವಣಿಯಲ್ಲಿವೆ. ಇಲ್ಲಿಗೆ ಬಂದವರು ಮುಂದಿನ ರೈಲು ಹತ್ತಿ ಅಲ್ಲಿಗೂ ಹೋಗಿ ನೋಡಬೇಕು.