ಸಹಿ ಹಾಕುವ ಮುನ್ನ: ಕ್ರಿಪ್ಟೋ ವ್ಯಾಲೆಟ್ ಜೋಡಣೆಯಲ್ಲಿ ಎಚ್ಚರ

2021ರ ಡಿಸೆಂಬರ್ 2ರಂದು, ಇಥೀರಿಯಂ ಜಾಲದ ಬ್ಯಾಡ್ಜರ್‌ಡಾವೊ ಎಂಬ ಸೇವೆಯನ್ನು ಬಳಸುತ್ತಿದ್ದವರ ಸುಮಾರು 12 ಕೋಟಿ ಡಾಲರ್ ಮೌಲ್ಯದ ಟೋಕನ್‌ಗಳು ಕಳುವಾದವು. ಅವರು ತಮ್ಮ ಗುಪ್ತಪದಗಳನ್ನು ಬಿಟ್ಟುಕೊಟ್ಟಿರಲಿಲ್ಲ. ನಕಲಿ ತಾಣಕ್ಕೂ ಹೋಗಿರಲಿಲ್ಲ. ಅಸಲಿ ತಾಣದೊಳಗೇ ಕಳ್ಳರು ತಮ್ಮ ಪ್ರೋಗ್ರಾಮಿನ ತುಣುಕೊಂದನ್ನು ಸೇರಿಸಿದ್ದರು. ಅದು ಕೇಳಿದ ಅನುಮತಿಗೆ ಬಳಕೆದಾರರು ಒಪ್ಪಿಗೆ ಕೊಟ್ಟಿದ್ದರು. ಹಾಗಾದರೆ ಈ ಒಪ್ಪಿಗೆ ಎಂದರೇನು?

ವ್ಯಾಲೆಟ್ ಎಂದೊಡನೆ ಹಣದ ಚೀಲ ನೆನಪಾಗುತ್ತದೆ. ವಾಸ್ತವವಾಗಿ ಅದರೊಳಗೆ ಹಣವಿಲ್ಲ. ಲೆಕ್ಕವೆಲ್ಲ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆಪುಸ್ತಕದಲ್ಲಿರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಪಾಲನ್ನು ವರ್ಗಾಯಿಸಲು ಬೇಕಾದ ಸಹಿಯ ಕೀಲಿ ಮಾತ್ರ ವ್ಯಾಲೆಟ್‌ನಲ್ಲಿರುತ್ತದೆ.

ವಿಕೇಂದ್ರಿತ ಆ್ಯಪ್ ಒಂದಕ್ಕೆ ವ್ಯಾಲೆಟ್ ಜೋಡಿಸುವಾಗ ಮೂರು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಜೋಡಣೆ. ಇದರಿಂದ ಆ್ಯಪ್‌ಗೆ ನಿಮ್ಮ ವಿಳಾಸ ಮತ್ತು ಶಿಲ್ಕು ತಿಳಿಯುತ್ತದೆ, ಅಷ್ಟೇ. ಎರಡನೆಯದು ಸಂದೇಶಕ್ಕೆ ಸಹಿ. ಇದು ಸಾಮಾನ್ಯವಾಗಿ ನೀವು ಯಾರೆಂದು ದೃಢಪಡಿಸಲು. ಆದರೆ 'ಪರ್ಮಿಟ್' ಮಾದರಿಯ ಸಹಿ ಹಣ ತೆಗೆಯುವ ಅಧಿಕಾರವನ್ನೇ ಕೊಡಬಲ್ಲದು. ಮೂರನೆಯದು ಅನುಮತಿ, ಅಂದರೆ ಅಪ್ರೂವಲ್. ನಿಮ್ಮ ಟೋಕನ್‌ಗಳನ್ನು ಇಷ್ಟರ ಮಟ್ಟಿಗೆ ತೆಗೆದುಕೊಳ್ಳಬಹುದೆಂದು ಇಲ್ಲಿ ಒಪ್ಪುತ್ತೀರಿ. ಅನೇಕ ಆ್ಯಪ್‌ಗಳು ಮಿತಿಯಿಲ್ಲದ ಅನುಮತಿಯನ್ನೇ ಕೇಳುತ್ತವೆ. ಇದು ಸಹಿ ಮಾಡಿದ ಖಾಲಿ ಚೆಕ್ಕನ್ನು ಅಂಗಡಿಯಲ್ಲಿ ಬಿಟ್ಟು ಬಂದಂತೆ. ವ್ಯಾಲೆಟ್‌ನಲ್ಲಿ 'ಡಿಸ್‌ಕನೆಕ್ಟ್' ಒತ್ತಿದರೂ ಈ ಅನುಮತಿ ರದ್ದಾಗುವುದಿಲ್ಲ. ಬಹಳಷ್ಟು ಜನ ಎಡವುವುದು ಇಲ್ಲಿಯೇ.

ಆದ್ದರಿಂದ ಕೆಲವು ಕ್ರಮಗಳನ್ನು ರೂಢಿ ಮಾಡಿಕೊಳ್ಳುವುದು ಒಳಿತು. ಆ್ಯಪ್‌ನ ವಿಳಾಸವನ್ನು ಒಮ್ಮೆ ಖಚಿತಪಡಿಸಿಕೊಂಡು ಗುರುತಿಟ್ಟುಕೊಳ್ಳಿ. ಜಾಹೀರಾತಿನ ಕೊಂಡಿಯನ್ನು ಒತ್ತಬೇಡಿ. ಉಳಿತಾಯಕ್ಕೊಂದು, ದಿನಬಳಕೆಗೊಂದು ವ್ಯಾಲೆಟ್ ಇರಲಿ. ಎರಡನೆಯದರಲ್ಲಿ ಅಗತ್ಯವಿರುವಷ್ಟೇ ಇಡಿ. ಅನುಮತಿ ಕೇಳಿದಾಗ ಮೊತ್ತವನ್ನು ಓದಿ. ಮೆಟಾಮಾಸ್ಕ್‌ನಂಥ ವ್ಯಾಲೆಟ್‌ನಲ್ಲಿ ಆ ಮಿತಿಯನ್ನು ನೀವೇ ತಗ್ಗಿಸಬಹುದು. ಅರ್ಥವಾಗದ ಕೋರಿಕೆಯನ್ನು ತಿರಸ್ಕರಿಸಿ. ಅದರಿಂದ ನಷ್ಟವೇನೂ ಆಗದು. ಹಳೆಯ ಅನುಮತಿಗಳನ್ನು ಈಥರ್‌ಸ್ಕ್ಯಾನ್ ಅಥವಾ ರಿವೋಕ್ ಕ್ಯಾಶ್ ತಾಣದಲ್ಲಿ ಪರಿಶೀಲಿಸಿ, ಅಲ್ಪ ಶುಲ್ಕ ತೆತ್ತು ರದ್ದುಪಡಿಸಬಹುದು.

ವ್ಯಾಲೆಟ್ ತೆರೆದಾಗ ದೊರೆಯುವ 12 ಅಥವಾ 24 ಪದಗಳನ್ನು ಯಾವ ಆ್ಯಪ್ ಕೇಳಿದರೂ ಕೊಡಕೂಡದು. ಜೋಡಣೆಗೆ ಅವುಗಳ ಅಗತ್ಯವೇ ಇಲ್ಲ. ಅವು ಬೇರೆಯವರ ಪಾಲಾದರೆ ಅನುಮತಿ ರದ್ದುಪಡಿಸಿ ಪ್ರಯೋಜನವಿಲ್ಲ. ಉಳಿದದ್ದನ್ನು ಕೂಡಲೇ ಹೊಸ ವ್ಯಾಲೆಟ್‌ಗೆ ಸಾಗಿಸಬೇಕು.

ಮೋಸಹೋದವರು ವಿಳಂಬ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಆದರೂ ಒಂದು ಮಾತು ನೆನಪಿರಲಿ: ಬ್ಲಾಕ್‌ಚೈನ್‌ನಲ್ಲಿ ದಾಖಲಾದ ವರ್ಗಾವಣೆಯನ್ನು ಹಿಂದಕ್ಕೆ ಪಡೆದುಕೊಡುವ ಬ್ಯಾಂಕ್ ಮ್ಯಾನೇಜರ್ ಅಲ್ಲಿಲ್ಲ. ಆ ಹೊಣೆ ಸಹಿ ಹಾಕುವವರದೇ.