ಬೋಸ್ನಿಯಾ: ದಂಡನಾಯಕನ ಹೊಣೆ ಎಲ್ಲಿಯವರೆಗೆ?

ತಾನು ಎಸಗದ ಕೃತ್ಯಕ್ಕೆ ಸೇನಾ ಮುಖ್ಯಸ್ಥ ಶಿಕ್ಷಾರ್ಹನೇ? ಹೌದು ಎನ್ನುತ್ತದೆ ಬೋಸ್ನಿಯಾದ ಜನರಲ್ ರಾಸಿಮ್ ಡೆಲಿಚ್ ಪ್ರಕರಣ.

1949ರಲ್ಲಿ ಜನಿಸಿದ ಡೆಲಿಚ್ ಯುಗೊಸ್ಲಾವಿಯಾ ಸೇನೆಯಲ್ಲಿ ಅಧಿಕಾರಿಯಾಗಿದ್ದರು. 1992ರಲ್ಲಿ ಅದನ್ನು ತೊರೆದ ಅವರು, 1993ರ ಜೂನ್ 8ರಂದು ಬೋಸ್ನಿಯಾ ಸೇನೆಯ ಚುಕ್ಕಾಣಿ ಹಿಡಿದರು. ರಾಜಧಾನಿ ಸರಾಯೆವೊ ಆಗ ಸರ್ಬ್ ಪಡೆಗಳ ಮುತ್ತಿಗೆಯಲ್ಲಿತ್ತು.

1995ರಲ್ಲಿ ಅವರ ಸೇನೆಯ 'ಎಲ್ ಮುಜಾಹಿದ್' ತುಕಡಿ ಸೆರೆಸಿಕ್ಕ ಸರ್ಬ್ ಯೋಧರನ್ನು ಚಿತ್ರಹಿಂಸೆಗೆ ಗುರಿಪಡಿಸಿತು. ವಿದೇಶಿ ಹೋರಾಟಗಾರರೂ ಇದ್ದ ತುಕಡಿಯದು. ತಿಳಿಯಲು ಕಾರಣವಿದ್ದರೂ ಡೆಲಿಚ್ ಇದನ್ನು ತಡೆಯಲಿಲ್ಲ, ತಪ್ಪಿತಸ್ಥರನ್ನು ದಂಡಿಸಲಿಲ್ಲ ಎಂದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ, 2008ರಲ್ಲಿ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಉಳಿದ ಆರೋಪಗಳಿಂದ ಅವರು ಖುಲಾಸೆಗೊಂಡರು.

ಆದರೆ ತೀರ್ಪು ಸರ್ವಾನುಮತದ್ದಲ್ಲ. ಆ ತುಕಡಿಯ ಮೇಲೆ ಡೆಲಿಚ್ ಅವರಿಗೆ ನಿಜವಾದ ಹತೋಟಿಯೇ ಇರಲಿಲ್ಲ ಎಂದು ಪೀಠದ ಅಧ್ಯಕ್ಷ ಮೊಲೊಟೊ ಭಿನ್ನಮತ ದಾಖಲಿಸಿದರು. ಮೇಲ್ಮನವಿ ಇತ್ಯರ್ಥವಾಗುವ ಮುನ್ನವೇ, 2010ರ ಏಪ್ರಿಲ್ 16ರಂದು ಡೆಲಿಚ್ ನಿಧನರಾದರು. ಹೀಗಾಗಿ ಮೂಲ ತೀರ್ಪೇ ಅಂತಿಮವಾಗಿ ಉಳಿಯಿತು.