ಆಕಾಶವಾಣಿಯ ವೆಚ್ಚವನ್ನು ಹೊರುವವರಾರು?

ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬರಬೇಕಾಗಿದ್ದ ಪದ್ಧತಿ ನಮ್ಮ ದೇಶದಲ್ಲಿ 1980ರ ದಶಕದ ಮಧ್ಯಭಾಗದವರೆಗೂ ನಡೆದುಬಂದಿತು. ಅದು ರದ್ದಾದಾಗ ಜನರಿಗೆ ಸಂತೋಷವಾದುದು ಸಹಜವೇ. ಆದರೆ ಶ್ರೋತೃಗಳಿಗೂ ನಿಲಯಕ್ಕೂ ನಡುವೆ ಇದ್ದ ನೇರವಾದ ಋಣಾನುಬಂಧ ಅಲ್ಲಿಗೆ ಕಡಿದುಹೋಗಿ, ಒಂದೆಡೆ ಸರ್ಕಾರದ ಅನುದಾನವನ್ನೂ ಮತ್ತೊಂದೆಡೆ ಜಾಹೀರಾತನ್ನೂ ನಂಬಿ ಬದುಕಬೇಕಾದ ಸ್ಥಿತಿ ಪ್ರಸಾರಸಂಸ್ಥೆಗೆ ಒದಗಿತು. 1990ರಲ್ಲಿ ಅಂಗೀಕೃತವಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಶಾಸನವು ಸ್ವಾಯತ್ತತೆಯನ್ನು ದಯಪಾಲಿಸಿತಾದರೂ, ಸ್ವಂತ ಬೊಕ್ಕಸವಿಲ್ಲದ ಸ್ವಾಯತ್ತತೆಗೆ ಎಷ್ಟು ಬಲವುಂಟು?

ಜಾಹೀರಾತೇ ಸಾಕೆನ್ನುವವರು ಮಡಿಕೇರಿ ನಿಲಯದ ಕೊಡವ ಭಾಷೆಯ ಕಾರ್ಯಕ್ರಮವನ್ನೋ, ಮಂಗಳೂರು ನಿಲಯದ ತುಳು ಕಾರ್ಯಕ್ರಮವನ್ನೋ ಒಮ್ಮೆ ನೆನೆಯಬೇಕು. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಿರೆಂದು ಕೃಷಿರಂಗದಲ್ಲಿ ಹೇಳುವ ಮಾತು ಬೆಳೆಗಾರನಿಗೆ ಒಂದು ವರ್ಷದ ಅನ್ನವಾದೀತು. ಸಾಬೂನು ಮಾರುವವನಿಗೆ ಅದರಿಂದ ಬರುವ ಲಾಭವೇನು?

ಬ್ರಿಟನ್ನಿನಲ್ಲಿ 1922ರಲ್ಲಿ ಹತ್ತು ಷಿಲಿಂಗಿನಿಂದ ಆರಂಭವಾದ ಲೈಸೆನ್ಸ್ ಶುಲ್ಕ ಇಂದಿಗೂ ಉಳಿದಿದೆ; ಆದರೆ ಜನ ಫೋನಿನಲ್ಲಿಯೇ ಎಲ್ಲವನ್ನೂ ನೋಡುವ ಈ ಕಾಲದಲ್ಲಿ ಅದರ ಬುಡ ಅಲುಗಾಡುತ್ತಿದ್ದು, ಬಿಬಿಸಿಯ ಈಗಿನ ಸನದಿನ ಅವಧಿ 2027ರ ಕೊನೆಗೆ ಮುಗಿಯುವುದರಿಂದ ಅಲ್ಲಿ ಚರ್ಚೆ ಬಿಸಿಯಾಗಿದೆ. ಜರ್ಮನಿಯು 2013ರಿಂದ ಯಂತ್ರವನ್ನು ಬಿಟ್ಟು ಮನೆಯನ್ನೇ ಲೆಕ್ಕಕ್ಕೆ ಹಿಡಿಯಿತು. ಸಿರಿವಂತನ ಮನೆಗೂ ಕೂಲಿಯವನ ಮನೆಗೂ ಒಂದೇ ಶುಲ್ಕವೆಂಬುದು ಅದರ ದೋಷ. ಅದೇ ವರ್ಷ ಫಿನ್ಲೆಂಡ್ ಹಿಡಿದ ದಾರಿ ನನಗೆ ನ್ಯಾಯವಾಗಿ ತೋರುತ್ತದೆ: ಅಲ್ಲಿ ಪ್ರತಿಯೊಬ್ಬರೂ ಆದಾಯಕ್ಕನುಸಾರವಾಗಿ, ಒಂದು ಗರಿಷ್ಠ ಮಿತಿಯೊಳಗೆ, ತೆರಿಗೆ ಕೊಡುತ್ತಾರೆ, ಅಲ್ಪ ಆದಾಯದವರು ಕೊಡಬೇಕಾಗಿಲ್ಲ, ಪ್ರಸಾರಸಂಸ್ಥೆಗೆ ಸಲ್ಲುವ ಹಣ ವಾರ್ಷಿಕ ಮುಂಗಡಪತ್ರದ ಹೊರಗಿರುವ ಪ್ರತ್ಯೇಕ ನಿಧಿಯ ಮೂಲಕ ಬರುತ್ತದೆ.

ಆದಾಯ ತೆರಿಗೆ ಕಟ್ಟುವವರು ವಿರಳವಾಗಿರುವ ನಮ್ಮ ದೇಶದಲ್ಲಿ ಅದನ್ನೇ ಅನುಕರಿಸಲಾಗದು. ಆದರೆ ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಸಾರಿರುವಾಗ, ಅವನ್ನು ದೂರವಾಣಿ ಕಂಪನಿಗಳಿಗೆ ಹರಾಜು ಹಾಕಿ ಗಳಿಸಿದ ಹಣದಲ್ಲಿ ಒಂದು ಪಾಲು, ಯಾವ ಮಂತ್ರಿಯೂ ತಡೆಹಿಡಿಯಲಾಗದಂತೆ, ಸಾರ್ವಜನಿಕ ಪ್ರಸಾರದ ನಿಧಿಗೆ ಸಲ್ಲಬೇಕೆಂದು ಶಾಸನಮಾಡಲು ಅಡ್ಡಿಯೇನು? ಲೆಕ್ಕವನ್ನು ಸಂಸತ್ತು ಪರೀಕ್ಷಿಸಲಿ, ಸುದ್ದಿಯನ್ನಲ್ಲ. ಹಾಗೆ ಬಂದ ಹಣ ದೆಹಲಿಯಲ್ಲಿಯೇ ಕರಗಿಹೋಗದೆ, ಅದರ ಗೊತ್ತಾದ ಭಾಗ ಮಡಿಕೇರಿ, ಭದ್ರಾವತಿ, ಕಲಬುರಗಿಗಳಂಥ ನಿಲಯಗಳಿಗೆ ನೇರವಾಗಿ ತಲುಪುವಂತೆ ಆ ಶಾಸನದಲ್ಲಿಯೇ ಬರೆದಿಡಬೇಕು.